ಬೂದಿಕೋಟೆಗೊಂದು ಸಾಲು

ಸರ್ಕಾರಿ ಸೇವೆಯಲ್ಲಿ ಆಯುಷ್ಯ ಕಳೆದವರಿಗೆ ಸಾಲು ಎಂಬುದು ಹೊಸ ಸಂಗತಿಯಲ್ಲ. ಪಡಿತರ ಅಂಗಡಿಯ ಮುಂದಿನ ಸಾಲು, ಖಾತೆ ಬದಲಾವಣೆಗೆ ಕಾದ ಅರ್ಜಿಗಳ ಸಾಲು, ಮೇಜಿನ ಮೇಲೆ ಏರುತ್ತಲೇ ಹೋಗುವ ಕಡತಗಳ ಸಾಲು. ಬೆಲೆಯಿಲ್ಲದ ವಸ್ತುವಿಗೆ ಬೇಡಿಕೆ ಹೆಚ್ಚಿದಾಗ ಕಾಯುವಿಕೆಯೇ ಅದರ ಬೆಲೆಯಾಗುತ್ತದೆ ಎಂಬುದು ಅರ್ಥಶಾಸ್ತ್ರದ ಆರಂಭದ ಪಾಠಗಳಲ್ಲೊಂದು. ಆದರೆ ಆ ಪಾಠ ನನಗೆ ನಿಜವಾಗಿ ಮನದಟ್ಟಾದದ್ದು ಕಚೇರಿಯಲ್ಲಲ್ಲ. ಅಂತರಜಾಲದ ಒಂದು ಪಟ್ಟಿಯಲ್ಲಿ ಬೂದಿಕೋಟೆಯ ಹೆಸರನ್ನು ಸೇರಿಸಲು ಹೊರಟಾಗ.

ಬೂದಿಕೋಟೆ ನನ್ನ ತಾಯಿಯ ತವರು. ಬಂಗಾರಪೇಟೆ ತಾಲ್ಲೂಕಿನ ಈ ಗ್ರಾಮ ಹೈದರ್ ಅಲಿಯ ಜನ್ಮಸ್ಥಳವೆಂದು ಇತಿಹಾಸದ ಪುಸ್ತಕಗಳಲ್ಲಿ ಒಂದು ವಾಕ್ಯವಾಗಿ ಬಂದು ಮರೆಯಾಗುತ್ತದೆ. ಬೆಟ್ಟದ ಮೇಲಿನ ಕೋಟೆ, ಸಮೀಪದ ಮಾರ್ಕಂಡೇಯ ಜಲಾಶಯ ಇವುಗಳ ಬಗ್ಗೆ ಹೊರಗಿನವರಿಗೆ ತಿಳಿದಿರುವುದು ಅಲ್ಪ. ಬಳಿಯ ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರುವರಿಯಲ್ಲಿ ಮುಚ್ಚಿದ ಮೇಲೆ ಆ ಸೀಮೆಯ ತರುಣರ ದೃಷ್ಟಿ ಬೆಂಗಳೂರಿನ ರೈಲಿನತ್ತ ತಿರುಗಿತ್ತು. ಅಂಥವರಲ್ಲಿ ಇಬ್ಬರು, ಗಣಕಯಂತ್ರ ಕಲಿಯುತ್ತಿದ್ದ ನಮ್ಮ ಬಂಧುಗಳ ಮಕ್ಕಳು, 2004ರಲ್ಲಿ ಊರಿಗೊಂದು ಜಾಲತಾಣ ಕಟ್ಟಿದರು. ಕಟ್ಟಿದ ಮೇಲೆ ಸಮಸ್ಯೆ ಎದುರಾಯಿತು: ಇದು ಇದೆಯೆಂದು ಜಗತ್ತಿಗೆ ತಿಳಿಯುವುದು ಹೇಗೆ? ಅರ್ಜಿ ಬರೆಯುವುದರಲ್ಲಿ ಪಳಗಿದವನೆಂದು ಅವರು ನನ್ನ ಬಳಿಗೆ ಬಂದರು.

ಅಂದಿನ ದಿನಗಳಲ್ಲಿ ಇದಕ್ಕೊಂದು ಮಾನ್ಯ ಮಾರ್ಗವಿತ್ತು. ಓಪನ್ ಡೈರೆಕ್ಟರಿ ಪ್ರಾಜೆಕ್ಟ್, ಜನರ ಬಾಯಲ್ಲಿ ಡಿಮೋಜ್. 1998ರಲ್ಲಿ ರಿಚ್ ಸ್ಕ್ರೆಂಟಾ ಮತ್ತು ಬಾಬ್ ಟ್ರೂಯೆಲ್ ಆರಂಭಿಸಿದ ಈ ಯೋಜನೆಯನ್ನು ಅದೇ ವರ್ಷ ನೆಟ್‌ಸ್ಕೇಪ್ ಸಂಸ್ಥೆ ಕೊಂಡಿತು. ಗ್ರಂಥಾಲಯದ ಸೂಚಿಯಂತೆ ಜಗತ್ತಿನ ಜಾಲತಾಣಗಳನ್ನೆಲ್ಲ ವಿಷಯವಾರು, ಪ್ರದೇಶವಾರು ವಿಂಗಡಿಸಿ ಒಂದೊಂದಕ್ಕೂ ಒಂದೆರಡು ಸಾಲಿನ ವಿವರಣೆ ಬರೆಯುವುದು ಅದರ ಕಾರ್ಯ. ಈ ಕೆಲಸ ಮಾಡುತ್ತಿದ್ದವರು ಸಂಬಳವಿಲ್ಲದ ಸ್ವಯಂಸೇವಕ ಸಂಪಾದಕರು. ಏಷ್ಯಾ, ಭಾರತ, ಕರ್ನಾಟಕ, ಅದರೊಳಗೆ ಊರುಗಳು ಎಂಬ ಮೆಟ್ಟಿಲುಗಳನ್ನಿಳಿದರೆ ಸಣ್ಣ ಊರಿಗೂ ಒಂದು ಗೂಡು ಸಿಗಬಹುದಿತ್ತು. ಸೇರ್ಪಡೆಗೆ ಶುಲ್ಕವಿರಲಿಲ್ಲ. ಅದೇ ಕಾಲದಲ್ಲಿ ಯಾಹೂ ಸಂಸ್ಥೆಯ ಪಟ್ಟಿ ವಾಣಿಜ್ಯ ತಾಣಗಳಿಂದ ವರ್ಷಕ್ಕೆ 299 ಡಾಲರ್ ಪಡೆಯುತ್ತಿತ್ತು. ಅಲ್ಲಿ ಬೆಲೆ, ಇಲ್ಲಿ ಸಾಲು.

ನಮ್ಮ ಮೊದಲ ಅರ್ಜಿಯನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಶೀರ್ಷಿಕೆಯಲ್ಲಿ 'ವಿಶ್ವವಿಖ್ಯಾತ' ಎಂದು ಬರೆದಿದ್ದೆವು. ಅತ್ಯಂತ ಸೂಕ್ತವಾದ ಒಂದೇ ವರ್ಗವನ್ನು ಆರಿಸಬೇಕೆಂಬ ನಿಯಮವಿದ್ದರೂ ಇತಿಹಾಸ, ಪ್ರವಾಸ, ಕೆಜಿಎಫ್ ಎಂದು ಮೂರು ಕಡೆ ಸಲ್ಲಿಸಿದೆವು. ತಾಣದ ಅರ್ಧ ಪುಟಗಳು 'ಸಿದ್ಧವಾಗುತ್ತಿದೆ' ಎಂಬ ಫಲಕ ಹೊತ್ತಿದ್ದವು. ಕನ್ನಡ ಪುಟಗಳನ್ನು ನುಡಿ ಅಕ್ಷರಗಳಲ್ಲಿ ಸಿದ್ಧಪಡಿಸಿದ್ದರಿಂದ, ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿದ್ದವು. ಎಲ್ಲೋ ದೂರದಲ್ಲಿ, ತನ್ನ ಬಿಡುವಿನ ಒಂದು ಗಂಟೆಯನ್ನು ಈ ಕೆಲಸಕ್ಕೆ ಕೊಟ್ಟಿದ್ದ ಅಪರಿಚಿತನೊಬ್ಬ ಇದನ್ನು ನೋಡಿ ಬದಿಗಿಟ್ಟಿದ್ದರೆ ತಪ್ಪು ಅವನದಲ್ಲ. ನನ್ನ ಮೇಜಿಗೆ ಬಂದಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ.

ನಿಯಮಗಳನ್ನು ಮೊದಲಿನಿಂದ ಓದಿದೆವು. ಬಾಕಿ ಪುಟಗಳನ್ನು ಪೂರ್ಣಗೊಳಿಸಿದೆವು. ಕನ್ನಡ ಪುಟಗಳನ್ನು ಯೂನಿಕೋಡ್‌ಗೆ ಬದಲಾಯಿಸಿದೆವು. ಬಂಗಾರಪೇಟೆಯಿಂದ ಬರುವ ಬಸ್ಸುಗಳ ವೇಳೆ, ಸಂತೆಯ ದಿನ, ಶಾಲೆಗಳ ವಿವರ ಹೀಗೆ ಬೇರೆಲ್ಲೂ ಸಿಗದ ಮಾಹಿತಿಯನ್ನು ಸೇರಿಸಿದೆವು. ಒಂದೇ ವರ್ಗ, ಒಂದೇ ಅರ್ಜಿ. ಹೈದರ್ ಅಲಿ ಹುಟ್ಟಿದ ಪ್ರಸಿದ್ಧ ಗ್ರಾಮದ ಪರಿಚಯ, ಕೋಟೆಯ ಚಿತ್ರಗಳು, ಸ್ಥಳೀಯ ಮಾಹಿತಿ: ಇಷ್ಟೇ ವಿವರಣೆ. ಅನಂತರ ಕಾದೆವು. ಮತ್ತೆ ಮತ್ತೆ ಸಲ್ಲಿಸಬಾರದೆಂಬ ಎಚ್ಚರಿಕೆ ನಿಯಮಗಳಲ್ಲೇ ಇದ್ದುದರಿಂದ ಸುಮ್ಮನಿದ್ದೆವು. ಹಲವು ತಿಂಗಳ ಬಳಿಕ ಒಂದು ಸಂಜೆ ನಮ್ಮ ಸಾಲು ಕಾಣಿಸಿಕೊಂಡಿತು. ಸಂಪಾದಕರು ಒಂದೇ ಪದವನ್ನು ತೆಗೆದಿದ್ದರು: 'ಪ್ರಸಿದ್ಧ'. ಹುಡುಗರು ಮುಖ ಸಪ್ಪೆ ಮಾಡಿಕೊಂಡರು. ನನಗೆ ಮಾತ್ರ ಆ ಕಾಣದ ಕೈಯ ಬಗ್ಗೆ ಗೌರವ ಮೂಡಿತು. ಪ್ರಸಿದ್ಧವಾಗಿದ್ದರೆ ಹೇಳಬೇಕಿಲ್ಲ, ಇಲ್ಲದಿದ್ದರೆ ಹೇಳಬಾರದು.

ಆ ಒಂದು ಸಾಲಿಗೆ ಅಷ್ಟು ಹಂಬಲವೇಕೆ ಎಂದು ಇಂದಿನ ಓದುಗರು ಕೇಳಬಹುದು. ಡಿಮೋಜ್ ತನ್ನ ದತ್ತಾಂಶವನ್ನು ಯಾರು ಬೇಕಾದರೂ ಬಳಸಲು ಬಿಟ್ಟಿತ್ತು. ಗೂಗಲ್ 2000ದಿಂದ 2011ರವರೆಗೆ ನಡೆಸಿದ ಡೈರೆಕ್ಟರಿ ಇದನ್ನೇ ಆಧರಿಸಿತ್ತು. ಇನ್ನೂ ಅನೇಕ ತಾಣಗಳು ಇದನ್ನೇ ಪ್ರತಿ ಮಾಡಿಕೊಳ್ಳುತ್ತಿದ್ದವು. ಒಂದೆಡೆ ಸೇರಿದ ಹೆಸರು ಹಲವೆಡೆ ಹರಡುತ್ತಿತ್ತು. ಅದರಿಂದ ಶೋಧ ಫಲಿತಾಂಶಗಳಲ್ಲಿ ಮೇಲೇರಬಹುದೆಂದು ವ್ಯಾಪಾರಿಗಳು ನಂಬಿದ್ದರು. ಉಚಿತವಾದದ್ದು ಹೀಗೆ ಬೆಲೆಬಾಳತೊಡಗಿದಾಗ ಏನಾಗುತ್ತದೆಂಬುದು ಪರವಾನಗಿ ಯುಗವನ್ನು ಕಂಡ ನಮಗೆ ಗೊತ್ತು. ಅರ್ಜಿಗಳು ಪ್ರವಾಹದಂತೆ ಬಂದವು, ಸಾಲು ಬೆಳೆಯಿತು. ಕೆಲವು ಸಂಪಾದಕರು ಸ್ವಂತ ಲಾಭಕ್ಕಾಗಿ ಪ್ರತಿಸ್ಪರ್ಧಿಗಳನ್ನು ತಡೆಯುತ್ತಾರೆಂಬ ಆರೋಪಗಳೂ ಕೇಳಿಬಂದವು. ಅಲ್ಲಿ ಅಭಾವವಿದ್ದದ್ದು ಜಾಗಕ್ಕಲ್ಲ, ಮನುಷ್ಯನ ಗಮನಕ್ಕೆ.

ಬಾಗಿಲ ಬಳಿ ಕಾಯುವುದು ಬೂದಿಕೋಟೆಗೆ ಹೊಸದೂ ಅಲ್ಲ. ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿ ನಡೆಸುವ ಅವಕಾಶ ದೊರೆತದ್ದು 2006ರ ನವೆಂಬರ್‌ನ ಮಾರ್ಗಸೂಚಿಯಿಂದ. ಬೂದಿಕೋಟೆ ಅಲ್ಲಿಯವರೆಗೆ ಕೈಕಟ್ಟಿ ಕೂರಲಿಲ್ಲ. ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳ ಶ್ರಮ, ಯುನೆಸ್ಕೋ ನೆರವಿನಿಂದ ಅಲ್ಲಿ 'ನಮ್ಮ ಧ್ವನಿ' ಹುಟ್ಟಿತು. ಮೊದಲು ಧ್ವನಿವರ್ಧಕ, ಸ್ವಸಹಾಯ ಸಂಘದ ಸಭೆಗಳಲ್ಲಿ ಕ್ಯಾಸೆಟ್. 2003ರಿಂದ ಕೇಬಲ್ ತಂತಿಯ ಮೂಲಕ ಪ್ರಸಾರ. ಗಾಳಿಯಲ್ಲಿ ಹರಿಸಲು ಅನುಮತಿ ಇಲ್ಲವೇ, ತಂತಿಯಲ್ಲಿ ಹರಿಸೋಣ ಎಂದರು. ಊರಿನ ಹೆಂಗಸರು ಊರಿನ ಮಾತನ್ನು ತಾವೇ ದಾಖಲಿಸಿದರು. ಪಟ್ಟಿಯವರ ಕೃಪೆಗೆ ಕಾಯುತ್ತಿದ್ದ ನಮ್ಮ ಪ್ರಯತ್ನಕ್ಕೂ ಇದಕ್ಕೂ ಇದ್ದ ಅಂತರವನ್ನು ನಾನು ತಡವಾಗಿ ಗ್ರಹಿಸಿದೆ. ಅವರಿಗೆ ಜಗತ್ತು ತಮ್ಮನ್ನು ಕಾಣಬೇಕೆಂಬ ಹಂಬಲಕ್ಕಿಂತ ತಾವು ಪರಸ್ಪರ ಕೇಳಿಸಿಕೊಳ್ಳಬೇಕೆಂಬ ಅಗತ್ಯ ದೊಡ್ಡದಾಗಿತ್ತು.

ನಮ್ಮ ತಾಣ ಹೆಚ್ಚು ಕಾಲ ಬಾಳಲಿಲ್ಲ. ಹುಡುಗರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಬಸ್ಸಿನ ವೇಳೆ ಬದಲಾದರೂ ಪುಟ ಬದಲಾಗಲಿಲ್ಲ. ಒಂದು ವರ್ಷ ವಿಳಾಸದ ಬಾಡಿಗೆ ಕಟ್ಟಲು ಎಲ್ಲರೂ ಮರೆತೆವು, ನಾನೂ ಮರೆತೆ. ಅಷ್ಟು ತಿಂಗಳು ಕಾದು ಪಡೆದ ಸಾಲು ಇಲ್ಲದ ಮನೆಯತ್ತ ಬೆರಳು ತೋರುವ ಫಲಕವಾಯಿತು. ಫಲಕ ನೆಟ್ಟವರು ತಮ್ಮ ಕೆಲಸ ಮಾಡಿದ್ದರು. ಮನೆಯವರು ನಾವು ಮಾಡಲಿಲ್ಲ.

ಡಿಮೋಜ್ ಕೂಡ 2017ರ ಮಾರ್ಚ್ 17ರಂದು ಮುಚ್ಚಿತು. ಯಾಹೂ ಪಟ್ಟಿ 2014ರ ಕೊನೆಯಲ್ಲೇ ನಿಂತಿತ್ತು. ಮುಚ್ಚುವ ವೇಳೆಗೆ ಡಿಮೋಜ್‌ನಲ್ಲಿ ಸುಮಾರು 38 ಲಕ್ಷ ತಾಣಗಳಿದ್ದವು. ಅದರ ಆಯುಷ್ಯದಲ್ಲಿ 90 ಸಾವಿರಕ್ಕೂ ಹೆಚ್ಚು ಸಂಪಾದಕರು ದುಡಿದಿದ್ದರು. ಹಳೆಯ ಸಂಪಾದಕರು ಕರ್ಲಿ ಎಂಬ ಹೆಸರಿನಲ್ಲಿ ಆ ಕೆಲಸವನ್ನು ಮುಂದುವರಿಸಿದರು. ಯಂತ್ರ ಮನುಷ್ಯನನ್ನು ಗೆದ್ದಿತೆಂದು ಹೇಳುವುದು ಸುಲಭ. ಆದರೆ ಅದು ಪೂರ್ಣ ಸತ್ಯವಲ್ಲ. ಇಂದು ಶೋಧಯಂತ್ರವನ್ನೋ ಕೃತಕ ಬುದ್ಧಿಮತ್ತೆಯನ್ನೋ ಬೂದಿಕೋಟೆ ಬಗ್ಗೆ ಕೇಳಿದರೆ ದೊರೆಯುವ ಉತ್ತರದ ಹಿಂದೆಯೂ ಯಾರೋ ಸಂಬಳವಿಲ್ಲದೆ ಬರೆದ ಸಾಲುಗಳಿರುತ್ತವೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ, ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಇವೆಲ್ಲ ಸ್ವಯಂಸೇವಕರ ಬೆವರಿನಿಂದಲೇ ನಿಂತಿವೆ. ಯಾರೂ ಬರೆಯದ ಊರಿನ ಬಗ್ಗೆ ಯಂತ್ರವೂ ಮೌನವಾಗಿರುತ್ತದೆ; ಅಥವಾ ಇನ್ನೂ ಕೆಟ್ಟದೆಂದರೆ, ಊಹಿಸಿ ಹೇಳುತ್ತದೆ.

ಇಲ್ಲೊಂದು ಭೇದವಿದೆ. ಅಂದು ಸಾಲಿನಲ್ಲಿ ನಿಂತು ಸಂಪಾದಕರ ದಾರಿ ಕಾಯಬೇಕಿತ್ತು. ಇಂದು ವಿಕಿಪೀಡಿಯದಲ್ಲಿ ಸಂಪಾದಕನ ಕುರ್ಚಿ ಬಹುಮಟ್ಟಿಗೆ ಎಲ್ಲರಿಗೂ ತೆರೆದಿದೆ, ಕುಳಿತುಕೊಳ್ಳುವವರು ಸಾಲದು. ನಿವೃತ್ತರಾದ ನನ್ನಂಥವರ ಬಳಿ ಸಮಯವಿದೆ, ಊರಿನ ನೆನಪುಗಳಿವೆ, ಆಧಾರವಿಲ್ಲದೆ ಬರೆಯಬಾರದೆಂಬ ಕಚೇರಿಯ ಶಿಸ್ತೂ ಇದೆ. ಆರ್ಥಿಕ ಲೆಕ್ಕದಲ್ಲಿ ಈ ಶ್ರಮಕ್ಕೆ ಬೆಲೆಯಿಲ್ಲ. ರಾಷ್ಟ್ರೀಯ ಆದಾಯದಲ್ಲಿ ಇದು ಸೇರುವುದಿಲ್ಲ. ಆದರೆ ಕೆರೆಯ ಹೂಳೆತ್ತಿದವರ ಶ್ರಮವನ್ನು ನೀರು ಕುಡಿಯುವವರು ಲೆಕ್ಕ ಹಾಕಿದ್ದುಂಟೇ?

ಕಳೆದ ಬಾರಿ ಊರಿಗೆ ಹೋದಾಗ ಒಂದು ಚಿಕ್ಕ ಪುಸ್ತಕವನ್ನು ಜೊತೆಗೆ ಒಯ್ದಿದ್ದೆ. ಊರಿನ ಬೀದಿಗಳ ಹೆಸರು, ಕೋಟೆ ಹತ್ತುವ ದಾರಿ, ಶಾಲೆಯ ಕಲ್ಲಿನ ಮೇಲಿನ ಬರಹ ಎಲ್ಲವನ್ನೂ ಗುರುತು ಹಾಕಿಕೊಂಡೆ. ಒಂದೊಂದಾಗಿ ತಾಳೆ ನೋಡಿ ಬರೆಯುತ್ತಿದ್ದೇನೆ. 'ಪ್ರಸಿದ್ಧ' ಎಂಬ ಪದವನ್ನು ಮಾತ್ರ ಎಲ್ಲಿಯೂ ಬಳಸಿಲ್ಲ.