ಪದವಿಗೆ ಮುನ್ನ ಸಾಲದ ಲೆಕ್ಕ

ರಕ್ತ, ಮೂತ್ರ, ಕಫಗಳ ಪರೀಕ್ಷಾ ವರದಿಯನ್ನು ಇಂದು ಆಯುರ್ವೇದ ವೈದ್ಯರಾದ ನಾವೂ ರೋಗನಿರ್ಣಯಕ್ಕೆ ಅವಲಂಬಿಸುತ್ತೇವೆ. ಆದುದರಿಂದ ಮಕ್ಕಳನ್ನು ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಬಿ.ಎಸ್ಸಿ. ಪದವಿಗೆ ಸೇರಿಸಬಹುದೇ ಎಂದು ಕೇಳುವ ಪಾಲಕರಿಗೆ, ಅದು ಯೋಗ್ಯ ವಿದ್ಯೆಯೆಂದೇ ಹೇಳುತ್ತೇವೆ. ಆದರೆ ಸಾಲ ಮಾಡಿ ಓದಿಸುವುದಾದರೆ ಲೆಕ್ಕ ಮೊದಲಾಗಬೇಕು.

ಇಂಟರ್ನ್‌ಶಿಪ್ ಸೇರಿ ಈ ವ್ಯಾಸಂಗವು 4 ವರ್ಷಗಳದ್ದು. ಶಿಕ್ಷಣ ಸಾಲದ ಕಂತುಗಳು ಓದು ಮುಗಿದ ಮೇಲೆ ಆರಂಭವಾದರೂ, ಬಡ್ಡಿಯು ಹಣ ಪಡೆದ ದಿನದಿಂದಲೇ ಬೆಳೆಯುತ್ತದೆ. ಶೇ. 10ರ ಬಡ್ಡಿಯಲ್ಲಿ 4 ಲಕ್ಷ ರೂ. ಬಾಕಿಯನ್ನು 7 ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 6,640 ರೂ. ಬೇಕು, ಒಟ್ಟು ಕಟ್ಟುವುದು 5.58 ಲಕ್ಷ ರೂ. ಆರಂಭದ ವೇತನ 18,000 ರೂ. ಎಂದುಕೊಂಡರೆ, ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕಂತಿಗೇ ಹೋಗುತ್ತದೆ. ಬಾಡಿಗೆ, ಊಟ, ಮನೆಗೆ ಕಳುಹಿಸುವ ಹಣ ಉಳಿದುದರಲ್ಲಿಯೇ ಆಗಬೇಕು.

ಸೇರಿಸುವ ಮುನ್ನ, ಅದೇ ಕಾಲೇಜಿನಲ್ಲಿ ಓದಿದವರಿಗೆ ಕೈಗೆ ಬರುತ್ತಿರುವ ವೇತನವನ್ನು ವಿಚಾರಿಸಿರಿ. ಕಂತು ಅದರ ಐದರಲ್ಲೊಂದು ಪಾಲನ್ನು ಮೀರದಿರಲಿ. ಮೀರುವಂತಿದ್ದರೆ ಸರಕಾರಿ ಕಾಲೇಜಿನ ಸೀಟಿಗೆ ಪ್ರಯತ್ನಿಸಿರಿ. ಪಿಯುಸಿ ನಂತರದ ಡಿ.ಎಂ.ಎಲ್.ಟಿ. ಡಿಪ್ಲೊಮಾವನ್ನೂ ಪರಿಶೀಲಿಸಿರಿ. ಓದುವ ಅವಧಿಯಲ್ಲಿಯೇ ಬಡ್ಡಿಯನ್ನಾದರೂ ಕಟ್ಟುತ್ತ ಬಂದರೆ ಹೊರೆ ಬೆಳೆಯದು.

ಸಾಲದ ಚಿಂತೆಯಿಂದ ನಿದ್ದೆಗೆಟ್ಟು ಬರುವ ತಂದೆತಾಯಿಯರನ್ನು ನಾವು ಕಾಣುತ್ತಲೇ ಇದ್ದೇವೆ. ನಿದ್ದೆಗೆ ಔಷಧ ಕೊಡಬಲ್ಲೆವು, ಸಾಲಕ್ಕೆ ಕೊಡಲಾರೆವು.