ಸಾಲ ಕೊಟ್ಟದ್ದು ದಿರ್ಹಮ್, ತೀರಿಸುವುದು ಯಾವ ರೇಟಿನಲ್ಲಿ?

ದುಬೈಯಲ್ಲಿ ಒಂದು ಕಾಲಕ್ಕೆ ನಮ್ಮ ರೂಪಾಯಿಯೇ ಓಡುತ್ತಿತ್ತು ಎಂದರೆ ಈಗಿನ ಮಕ್ಕಳು ನಂಬಲಿಕ್ಕಿಲ್ಲ. ದುಬೈ ಮಾತ್ರ ಅಲ್ಲ, ಕುವೈತ್, ಬಹರೈನ್, ಕತಾರ್, ಮಸ್ಕತ್‌ನಲ್ಲೂ ಚಲಾವಣೆಯಲ್ಲಿದ್ದದ್ದು ಭಾರತದ ರೂಪಾಯಿ. ಅಲ್ಲಿ ರೂಪಾಯಿ ಕೊಟ್ಟು ಚಿನ್ನ ಕೊಂಡು ಕದ್ದುಮುಚ್ಚಿ ಇಲ್ಲಿಗೆ ತರುವ ದಂಧೆ ಬೆಳೆದಾಗ, ಹಾಗೆ ಹೋದ ರೂಪಾಯಿಗೆಲ್ಲ ಭಾರತ ವಿದೇಶಿ ಹಣ ತೆರಬೇಕಾಗಿ ಬಂತು. ಅದಕ್ಕೇ 1959ರಲ್ಲಿ ರಿಸರ್ವ್ ಬ್ಯಾಂಕ್ ಗಲ್ಫಿಗೆಂದೇ ಬೇರೆ ಬಣ್ಣದ ನೋಟು ಹೊರತಂದಿತು. ಹಜ್ಜಿಗೆ ಹೋಗುವವರಿಗೂ ಬೇರೆಯೇ ‘ಹಜ್ ನೋಟು’ ಇತ್ತು.

ಕುವೈತ್ 1961ರಲ್ಲಿ, ಬಹರೈನ್ 1965ರಲ್ಲಿ ಸ್ವಂತ ದಿನಾರ್ ಮಾಡಿಕೊಂಡವು. ದೊಡ್ಡ ಪೆಟ್ಟು ಬಿದ್ದದ್ದು 1966ರ ಜೂನ್ 6ರಂದು. ಭಾರತ ಸರಕಾರ ರೂಪಾಯಿಯ ಬೆಲೆ ಇಳಿಸಿತು. 4 ರೂಪಾಯಿ 76 ಪೈಸೆ ಇದ್ದ ಡಾಲರ್ ಒಂದೇ ದಿನಕ್ಕೆ 7 ರೂಪಾಯಿ 50 ಪೈಸೆ. ದುಬೈ, ಕತಾರ್ ಎರಡೂ ಆ ವರ್ಷವೇ ರೂಪಾಯಿಗೆ ಸಲಾಂ ಹೇಳಿ ತಮ್ಮದೇ ರಿಯಾಲ್ ತಂದವು. ಆ ರಿಯಾಲಿಗೆ ಅವರು ಇಟ್ಟ ಬೆಲೆ ನಮ್ಮ ರೂಪಾಯಿಗೆ ಇಳಿಕೆಯ ಮುಂಚೆ ಇದ್ದ ಬೆಲೆಯೇ! 1973ರಲ್ಲಿ ಯುಎಇ ದಿರ್ಹಮ್ ಬಂದಾಗ ಒಂದು ರಿಯಾಲಿಗೆ ಒಂದು ದಿರ್ಹಮ್ ಕೊಟ್ಟರು. ಅಂದರೆ ಈಗ ಊರಿಗೆ ಬರುವ ದಿರ್ಹಮ್ ಒಂದು ಲೆಕ್ಕದಲ್ಲಿ ನಮ್ಮ ಹಳೇ ರೂಪಾಯಿಯ ಮೊಮ್ಮಗ.

ಅಲ್ಲಿಂದ ಮುಂದೆ ಇಬ್ಬರ ದಾರಿ ಬೇರೆ. 1973ರಲ್ಲಿ ಒಂದು ದಿರ್ಹಮಿಗೆ ಹೆಚ್ಚುಕಡಿಮೆ ಎರಡು ರೂಪಾಯಿ. 1991ರ ಜುಲೈಯಲ್ಲಿ ಸರಕಾರ ರೂಪಾಯಿಯನ್ನು ಮತ್ತೆ ಇಳಿಸುವ ಮುಂಚೆ ಐದೂವರೆ ದಾಟಿತ್ತು, 1993ರಲ್ಲಿ ಎಂಟೂವರೆ. 2013ರ ಆಗಸ್ಟ್‌ನಲ್ಲಿ ಹದಿನೆಂಟು ದಾಟಿತು. 2025ರ ಡಿಸೆಂಬರಿನಲ್ಲಿ ಡಾಲರ್ 90 ರೂಪಾಯಿ ಮೀರಿದಾಗ ದಿರ್ಹಮ್ ಇಪ್ಪತ್ತನಾಲ್ಕೂವರೆ ಆಯಿತು. ಇಷ್ಟರಲ್ಲೂ ದಿರ್ಹಮ್ ಕೂತಲ್ಲೇ ಕೂತಿದೆ. 1997ರಿಂದ ಒಂದು ಡಾಲರಿಗೆ 3.6725 ದಿರ್ಹಮ್ ಎಂದು ಕಟ್ಟಿಹಾಕಿದ್ದಾರೆ. ಸೌದಿ ರಿಯಾಲೂ 1986ರಿಂದ ಡಾಲರಿಗೆ 3.75. ‘ರೇಟು ಏರಿತು’ ಅಂತ ನಾವು ಹೇಳುವುದೆಲ್ಲ ರೂಪಾಯಿ ಇಳಿದ ಕಥೆ ಮಾರಾಯ್ರೆ.

ರೇಟು ಏರಿದ ದಿನ ಮನೆಯಲ್ಲಿ ಖುಷಿ. ಆದರೆ ಸಾಲ ಮಾಡಿದವನ ಎದೆ ಆ ದಿನ ಧಸಕ್ ಎನ್ನುತ್ತದೆ.

ರಾಷ್ಟ್ರಧ್ವಜ ತಯಾರಿಸುವ ಖಾದಿ ಸಂಘದಿಂದ ಹೆಸರಾದ ಹುಬ್ಬಳ್ಳಿಯ ಬೆಂಗೇರಿಯಲ್ಲಿ, ಕರಾವಳಿಯಿಂದ ಹೋಗಿ ವ್ಯಾಪಾರ ಮಾಡಿಕೊಂಡಿರುವ ಒಂದು ಕುಟುಂಬ ಉಂಟು. ಮನೆಯ ಯಜಮಾನರು 2011ರಲ್ಲಿ ದುಬೈಯಲ್ಲಿದ್ದಾಗ ಹೆಂಡತಿಯ ಅಣ್ಣನಿಂದ 5,000 ದಿರ್ಹಮ್ ಕೈಗಡ ಪಡೆದಿದ್ದರು. ಆಗ ಒಂದು ದಿರ್ಹಮಿಗೆ ಹನ್ನೆರಡು ರೂಪಾಯಿ ಚಿಲ್ಲರೆ. ಊರಿಗೆ ಬಂದರು, ಅಂಗಡಿ ಹಾಕಿದರು, ಸಾಲ ಹಾಗೇ ಉಳಿಯಿತು. ಈಗ ಕೊಡಲು ಹೊರಟರೆ ಲೆಕ್ಕವೇ ಕೂಡುತ್ತಿಲ್ಲ. “ಬಾವ, ನಾನು ತಗೊಂಡದ್ದು ಅರವತ್ತೊಂದು ಸಾವಿರ, ಅದನ್ನೇ ಕೊಡ್ತೇನೆ. ಹೆಚ್ಚು ಕೊಟ್ಟರೆ ಬಡ್ಡಿ ಆಗ್ತದಲ್ವಾ?” ಎಂದು ಇವರು. “ನಾನು ರೂಪಾಯಿ ಕೊಟ್ಟೇ ಇಲ್ಲ. ನನ್ನ ಐದು ಸಾವಿರ ದಿರ್ಹಮ್ ಕೊಡಿ ಬಾವ, ಸಾಕು” ಎಂದು ಅವರು. ಇವತ್ತಿಗೆ ಅದು ಒಂದು ಲಕ್ಷದ ಇಪ್ಪತ್ತು ಸಾವಿರ ದಾಟುತ್ತದೆ. ಇದೇ ವಿಷಯಕ್ಕೆ ಎರಡು ಮನೆಯ ಹೆಂಗಸರ ಮಧ್ಯೆ ಫೋನೂ ನಿಂತಿತ್ತು.

ಈ ಪ್ರಶ್ನೆ ಹೊಸತಲ್ಲ. ಸಹಾಬಿ ಅಬ್ದುಲ್ಲಾಹ್ ಇಬ್ನ್ ಉಮರ್ (ರ) ಒಂಟೆ ವ್ಯಾಪಾರ ಮಾಡುವಾಗ ದಿನಾರಿಗೆ ಮಾರಿ ದಿರ್ಹಮ್ ಪಡೆಯುವುದು, ದಿರ್ಹಮಿಗೆ ಮಾರಿ ದಿನಾರ್ ಪಡೆಯುವುದು ಇತ್ತು. ಇದು ಸರಿಯೇ ಎಂದು ಪ್ರವಾದಿ (ಸ) ಅವರಲ್ಲಿ ಕೇಳಿದಾಗ, ಆ ದಿನದ ಬೆಲೆಗೆ ಪಡೆದು, ಇಬ್ಬರ ನಡುವೆ ಬಾಕಿ ಉಳಿಸದೆ ಬೇರ್ಪಟ್ಟರೆ ತೊಂದರೆ ಇಲ್ಲ ಎಂದರೆಂದು ಅಬೂದಾವೂದ್ ಹದೀಸ್ ಗ್ರಂಥದಲ್ಲಿದೆ. ನೋಟಿನ ಕಾಲಕ್ಕೂ ವಿದ್ವಾಂಸರು ಇದನ್ನೇ ಹಿಡಿದರು. ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1988ರಲ್ಲಿ ಕುವೈತಿನಲ್ಲಿ ಸೇರಿ, ಯಾವ ನಾಣ್ಯದಲ್ಲಿ ಸಾಲವೋ ಅದೇ ನಾಣ್ಯದಲ್ಲಿ ಅಷ್ಟನ್ನೇ ತೀರಿಸಬೇಕು, ಬೆಲೆ ಏರಿಳಿದದ್ದನ್ನು ಸೇರಿಸಬಾರದು ಎಂದಿತು. 1993ರಲ್ಲಿ ಬ್ರುನೈಯಲ್ಲಿ ಇನ್ನೊಂದು ಮಾತು ಸೇರಿಸಿತು: ಇಬ್ಬರೂ ಒಪ್ಪಿದರೆ ಬೇರೆ ನಾಣ್ಯದಲ್ಲಿ ತೀರಿಸಬಹುದು, ಆದರೆ ಆ ಒಪ್ಪಂದ ತೀರಿಸುವ ದಿನವೇ ಆಗಬೇಕು, ರೇಟೂ ಆ ದಿನದ್ದೇ ಇರಬೇಕು.

ಹಾಗಾಗಿ ಬೆಂಗೇರಿಯವರ ಮೇಲಿರುವುದು 5,000 ದಿರ್ಹಮ್. ರೂಪಾಯಿ ಎರಡರಷ್ಟಾದರೂ ಅದು ಬಡ್ಡಿಯಲ್ಲ, ದಿರ್ಹಮಿನ ಎಣಿಕೆ ಒಂದೂ ಹೆಚ್ಚಾಗಿಲ್ಲವಲ್ಲ. ಖತೀಬರು ಇದನ್ನು ಬಿಡಿಸಿ ಹೇಳಿದ ಮೇಲೆ ಒಪ್ಪಿಕೊಂಡರು. ತಿಂಗಳಿಗೆ 500 ದಿರ್ಹಮಿನಂತೆ, ಕೊಡುವ ದಿನದ ರೇಟಿಗೆ ರೂಪಾಯಿ ಹಾಕುತ್ತಿದ್ದಾರೆ. ಕೊನೆಯ ಎರಡು ಕಂತನ್ನು ಬಾವ ಮಾಫಿ ಮಾಡಿದರಂತೆ. ಅದು ಅವರ ಇಷ್ಟ, ಕೇಳಿ ಪಡೆಯುವ ಹಕ್ಕು ಸಾಲ ತಗೊಂಡವರಿಗಿಲ್ಲ.

ಇದರ ಇನ್ನೊಂದು ಮಗ್ಗಲು ಕಹಿ. ಊರಿನಲ್ಲಿ ರೂಪಾಯಿಯಾಗಿಯೇ ಕೊಟ್ಟ ಸಾಲವಾದರೆ ರೂಪಾಯಿಯೇ ವಾಪಸು. 2011ರಲ್ಲಿ ತಂಗಿಗೆ ಅರವತ್ತು ಸಾವಿರ ರೂಪಾಯಿ ಕೊಟ್ಟವನು ‘ಆಗ ಅದು ಐದು ಸಾವಿರ ದಿರ್ಹಮ್ ಆಗಿತ್ತು’ ಎಂದು ಈಗ ಒಂದು ಲಕ್ಷ ಇಪ್ಪತ್ತು ಸಾವಿರ ಕೇಳುವಂತಿಲ್ಲ. ನಷ್ಟ ಅವನದ್ದೇ. ಅನ್ಯಾಯ ಅನಿಸಬಹುದು, ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಬೆಲೆ ಇಳಿದದ್ದಕ್ಕೆ ಹೆಚ್ಚು ಕೇಳುವ ಬಾಗಿಲು ಒಮ್ಮೆ ತೆರೆದರೆ ಬಡ್ಡಿ ಒಳಗೆ ಬರಲು ಎಷ್ಟು ಹೊತ್ತು?

ಜಗಳ ಹೆಚ್ಚಾಗುವುದು ಮಾತು ಅರ್ಧಂಬರ್ಧ ಆದಲ್ಲಿ. ದುಬೈಯಲ್ಲಿರುವವನು ದಿರ್ಹಮ್ ಲೆಕ್ಕ ಇಟ್ಟುಕೊಂಡಿರುತ್ತಾನೆ, ಊರಿನ ಖಾತೆಗೆ ರೂಪಾಯಿ ಬಂದಿರುತ್ತದೆ, ಸಾಲ ಯಾವುದರಲ್ಲಿ ಎಂದು ಇಬ್ಬರೂ ಹೇಳಿರುವುದಿಲ್ಲ. ಸಾಲವನ್ನು ಬರೆದಿಡಿ ಎಂಬ ಆಜ್ಞೆ ಸೂರಃ ಅಲ್‌ಬಖರಾದ 282ನೇ ಆಯತಿನಲ್ಲೇ ಉಂಟು. ಕೊಟ್ಟ ತಾರೀಕು, ಎಷ್ಟು, ದಿರ್ಹಮೋ ರೂಪಾಯಿಯೋ, ಯಾವಾಗ ತೀರಿಸುವುದು ಎಂದು ಒಂದು ಚೀಟಿಯಲ್ಲಿ ಬರೆದು ಇಬ್ಬರು ಸಾಕ್ಷಿ ಹಾಕಿಸಿ. ‘ಬಾವನ ಹತ್ತಿರ ಎಂಥ ಚೀಟಿ’ ಎಂಬ ಸಂಕೋಚ ಬೇಡ. ಹಳೇ ಸಾಲ ಬಾಕಿ ಇದ್ದವರು ರೇಟು ಇಳಿಯಲಿ ಎಂದು ಕಾಯದೆ, ಇಬ್ಬರೂ ಒಟ್ಟಿಗೆ ಜಮಾಅತಿನ ಖತೀಬರ ಹತ್ತಿರ ಹೋಗಿ ಕೂತು ಮಾತಾಡಿ.