ಆಮ್ಲಜನಕವೂ ಲೋಹವೇ?

ಆಮ್ಲಜನಕ ಒಂದು ಲೋಹ. ಹೈಸ್ಕೂಲಿನ ಪರೀಕ್ಷೆಯಲ್ಲಿ ಹೀಗೆ ಬರೆದರೆ ಸೊನ್ನೆ ಖಚಿತ. ಖಗೋಳಶಾಸ್ತ್ರದ ಪ್ರಬಂಧದಲ್ಲಿ ಬರೆದರೆ ಯಾರೂ ತಕರಾರು ತೆಗೆಯುವುದಿಲ್ಲ. ಅಲ್ಲಿ ಇಂಗಾಲ, ಸಾರಜನಕ, ನಿಯಾನ್ ಎಲ್ಲವೂ ಲೋಹಗಳೇ!

ರಸಾಯನಶಾಸ್ತ್ರ ನೋಡುವುದು ಗುಣವನ್ನು. ಹೊರಕವಚದ ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಟ್ಟು ಧನ ಅಯಾನು ಆಗುವ ಧಾತು ಅದರ ಪಾಲಿಗೆ ಲೋಹ. ಆವರ್ತ ಕೋಷ್ಟಕದ 118 ಧಾತುಗಳಲ್ಲಿ ಮುಕ್ಕಾಲು ಭಾಗ ಇಂಥವೇ. ಚಿನ್ನ, ತಾಮ್ರಗಳಷ್ಟೇ ಅಲ್ಲ, ಅಡುಗೆ ಉಪ್ಪಿನ ಸೋಡಿಯಂ, ಸುಣ್ಣದ ಕ್ಯಾಲ್ಸಿಯಂ ಕೂಡ ಈ ಪಟ್ಟಿಯಲ್ಲಿವೆ.

ಖಗೋಳ ವಿಜ್ಞಾನಿ ಕೇಳುವುದು ಹುಟ್ಟಿನ ಕಥೆ. ಮಹಾಸ್ಫೋಟದ ಮೊದಲ ಕೆಲವು ನಿಮಿಷಗಳಲ್ಲಿ ಉಂಟಾದದ್ದು ಹೈಡ್ರೋಜನ್, ಹೀಲಿಯಂ ಮತ್ತು ಲವಲೇಶ ಲಿಥಿಯಂ. ಉಳಿದವು ಬಹುತೇಕ ಆಮೇಲೆ ನಕ್ಷತ್ರಗಳ ಒಡಲಲ್ಲಿ ಬೆಂದು, ಅವು ಸಿಡಿದಾಗ ಹೊರಬಿದ್ದವು. 1920ರಲ್ಲಿ ಮೇಘನಾದ ಸಹಾ ರೂಪಿಸಿದ ಅಯಾನೀಕರಣ ಸಮೀಕರಣವನ್ನು ಬಳಸಿ ಸಿಸಿಲಿಯಾ ಪೇನ್ 1925ರಲ್ಲಿ ನಕ್ಷತ್ರಗಳ ಬೆಳಕನ್ನು ವಿಶ್ಲೇಷಿಸಿದಾಗ, ಅಲ್ಲಿ ಹೈಡ್ರೋಜನ್ ಮತ್ತು ಹೀಲಿಯಂಗಳದೇ ಕಾರುಬಾರು ಎಂಬುದು ಗೊತ್ತಾಯಿತು. ಸೂರ್ಯನ ಹೊರಪದರದ ದ್ರವ್ಯರಾಶಿಯಲ್ಲಿ ಮಿಕ್ಕೆಲ್ಲ ಧಾತುಗಳ ಒಟ್ಟು ಪಾಲು ಶೇಕಡ 2ನ್ನೂ ಮುಟ್ಟುವುದಿಲ್ಲ. ಆ ಚೂರುಪಾರಿಗೆಲ್ಲ ಇಟ್ಟ ಒಂದೇ ಹೆಸರು ಲೋಹ. ಅದರಲ್ಲೂ ಮೊದಲ ಸ್ಥಾನ ಆಮ್ಲಜನಕದ್ದು!

ಈ ವಿಂಗಡಣೆ ಒರಟಾದರೂ ಉಪಯುಕ್ತ. ತಲೆಮಾರು ಕಳೆದಂತೆ ನಕ್ಷತ್ರಗಳು ಅಂತರಿಕ್ಷದ ಅನಿಲಕ್ಕೆ ಲೋಹ ಬೆರೆಸುತ್ತ ಹೋಗುತ್ತವೆ. ಹಾಗಾಗಿ ಲೋಹ ತೀರ ಕಡಿಮೆಯಿರುವ ನಕ್ಷತ್ರ ಸಾಮಾನ್ಯವಾಗಿ ಬಲು ಹಳೆಯದು.

ಭೌತವಿಜ್ಞಾನಿ ಕೇಳುವುದು ಮೂರನೆಯ ಪ್ರಶ್ನೆ: ಎಲೆಕ್ಟ್ರಾನುಗಳು ಒಳಗೆ ಸ್ವತಂತ್ರವಾಗಿ ಓಡಾಡುತ್ತವೆಯೇ? ಒತ್ತಡ ಸಾಕಷ್ಟಿದ್ದರೆ ಹೈಡ್ರೋಜನ್ನೂ ಲೋಹವಾದೀತೆಂದು ಯೂಜೀನ್ ವಿಗ್ನರ್ ಮತ್ತು ಹಿಲಾರ್ಡ್ ಹಂಟಿಂಗ್‌ಟನ್ 1935ರಲ್ಲೇ ಲೆಕ್ಕಹಾಕಿದ್ದರು. ಗುರು ಗ್ರಹದ ಆಳದಲ್ಲಿ ಅದು ವಿದ್ಯುತ್ ಹರಿಸುವ ದ್ರವಲೋಹದ ರೂಪದಲ್ಲಿದೆ, ಗ್ರಹದ ಪ್ರಬಲ ಕಾಂತಕ್ಷೇತ್ರಕ್ಕೆ ಅದೇ ಮೂಲ ಎನ್ನುತ್ತಾರೆ ವಿಜ್ಞಾನಿಗಳು. ಖಗೋಳ ವಿಜ್ಞಾನಿ ಲೋಹದ ಪಟ್ಟಿಯಿಂದ ಹೊರಗಿಟ್ಟ ಧಾತುವೇ ಇಲ್ಲಿ ಲೋಹ!

ಮೂರೂ ಸರಿ, ಯಾಕೆಂದರೆ ಮೂರೂ ಕಡೆ ಕೇಳುವ ಪ್ರಶ್ನೆ ಬೇರೆ. ‘ಲೋಹಸಮೃದ್ಧ ನಕ್ಷತ್ರದ ಸುತ್ತ ಹೊಸ ಗ್ರಹ ಪತ್ತೆ’ ಎಂಬ ಸುದ್ದಿ ಓದಿದರೆ ಕಬ್ಬಿಣದ ಗಣಿಯನ್ನು ಕಲ್ಪಿಸಿಕೊಳ್ಳಬೇಡಿ. ಹೀಲಿಯಂಗಿಂತ ಭಾರವಾದ ಧಾತುಗಳು ಅಲ್ಲಿ ಹೆಚ್ಚಿವೆ ಎಂದಷ್ಟೇ ಅರ್ಥ. ಗುರುವಿನಂಥ ದೈತ್ಯ ಗ್ರಹಗಳು ಸಿಗುವ ಸಂಭವ ಅಂಥ ನಕ್ಷತ್ರಗಳ ಸುತ್ತಲೇ ಹೆಚ್ಚು.